ಕರಿ ನೂಲಿಗೆ ಹಾಕಿದ ಗಂಜಿ

ಮೊನ್ನೆ ಬೆಳಿಗ್ಗೆ ಅಡುಗೆಯ ಶೆಫಾಲಿ ಅನ್ನ ಬಸಿಯುತ್ತಿದ್ದಳು. ಪಾತ್ರೆಯ ಬಾಯಿಗೆ ತಟ್ಟೆ ಒತ್ತಿ ಹಿಡಿದು ಬಾಗಿಸಿದಾಗ ಬಿಳಿ ಗಂಜಿ ಹಬೆ ಬಿಡುತ್ತಾ ಇಳಿಯಿತು. ಆ ಹಬೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ನಗು ತಡೆಯಲಾಗಲಿಲ್ಲ. ಶೆಫಾಲಿಗೂ ಗೊತ್ತು ನಾನು ಯಾಕೆ ನಗುತ್ತೇನೆ ಅಂತ. "ಫ್ಯಾನ್ ಫೇಲೆ ದೇಬೋ, ಮಾಶಿಮಾ?" ಎಂದು ಬೇಕಂತಲೇ ಕೇಳಿದಳು. ಫ್ಯಾನ್ ಚೆಲ್ಲಿಬಿಡಲಾ ಅಂತ. ನಾನೂ ಬೇಕಂತಲೇ ತಲೆಯ ಮೇಲೆ ತಿರುಗುವ ಫ್ಯಾನಿಗೆ ಬೊಟ್ಟು ಮಾಡಿ, "ಬ್ಯಾಡವ್ವಾ, ಸೆಕಿ ಭಾಳ ಐತಿ" ಅಂದೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಈ ಚೇಷ್ಟೆ ಹುಟ್ಟಿದ್ದು ಮೂರು ವರ್ಷದ ಹಿಂದಿನ ಮಳೆಗಾಲದಲ್ಲಿ, ಇದೇ ಅಡುಗೆಮನೆಯಲ್ಲಿ.

ಮನೆ ನನ್ನ ಮಗನದು. ಕೋಲ್ಕತ್ತಾದ ಬಾಲಿಗಂಜ್ ಸ್ಟೇಷನ್ನಿನ ಹತ್ತಿರ, ಮೂರನೇ ಮಹಡಿ. ಮಗ ಕೇಂದ್ರ ಸರ್ಕಾರದ ಆಫೀಸಿನಲ್ಲಿದ್ದಾನೆ, ಸೊಸೆ ಶಾಲೆಯ ಟೀಚರು. ಮೊಮ್ಮಗಳು ಗೌರಿ ಇಲ್ಲೇ ಹುಟ್ಟಿ ಇಲ್ಲೇ ಬೆಳೆದವಳು. ಅವಳ ಕನ್ನಡ ಅಂದರೆ ನಾಲ್ಕು ಊರಿನ ಬುತ್ತಿ ಒಂದೇ ಗಂಟಿನಲ್ಲಿ ಕಟ್ಟಿದ ಹಾಗೆ: ಹಿಂದಿ, ಬಂಗಾಳಿ, ಇಂಗ್ಲಿಷು, ನಡುನಡುವೆ ನಮ್ಮೂರಿನ 'ಹೌದಲ್ಲ'. ಮಂಡಿನೋವು ತೋರಿಸಿಕೊಂಡು ಹೋಗಲೆಂದು ಆ ವರ್ಷ ನಾನು ಬಂದದ್ದು. ಬಂದವಳು ನಾಲ್ಕು ತಿಂಗಳು ನಿಂತೆ.

ನನ್ನದು ಗುಳೇದಗುಡ್ಡ. ಕುಪ್ಪಸದ ಖಣ ನೇಯುವ ಮನೆ. ಮೂರನೇ ಇಯತ್ತೆ ಮುಗಿಸುವಷ್ಟರಲ್ಲಿ ನನ್ನನ್ನು ಲಾಳಿಯ ಕಂಡಿಕೆಗೆ ನೂಲು ಸುತ್ತಲು ಕೂಡಿಸಿದರು, ಆಮೇಲೆ ಸಾಲಿ ಮುಖ ನೋಡಲಿಲ್ಲ. ಮದುವೆಯಾಗಿ ಹೋದದ್ದೂ ಮಗ್ಗದ ಮನೆಗೇ. ನಮ್ಮ ಯಜಮಾನರು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದರು. ನಾನು ಮೇಲೆ ಕೂತು ನೂಲಿಗೆ ಗಂಜಿ ಹಾಕುವುದು, ಒಣಗಿಸುವುದು, ಕಂಡಿಕೆ ಸುತ್ತುವುದು, ಹರಿದ ಎಳೆ ಜೋಡಿಸುವುದು. ನಲವತ್ತು ವರ್ಷ ಮಾಡಿದೆ. ಆದರೆ ಯಾರು ಕೇಳಿದರೂ ನೇಕಾರ ಅಂದರೆ ಕುಣಿಯೊಳಗೆ ಕೂತವರು, ನಾನು ನೇಕಾರನ ಹೆಂಡತಿ. ನನ್ನ ಕಾರ್ಡುಗಳಲ್ಲೆಲ್ಲ ನೀಲವ್ವ ಅನ್ನುವ ಹೆಸರಿನ ಕೆಳಗೆ, ಉದ್ಯೋಗದ ಎದುರಿಗೆ 'ಮನೆಗೆಲಸ' ಅಂತ ಬರೆದಿದೆ. ಅದಕ್ಕೆ ನಾನೇನೂ ಬೇಸರ ಮಾಡಿಕೊಂಡವಳಲ್ಲ. ಎಲ್ಲರ ಕಾರ್ಡಿನಲ್ಲೂ ಹಾಗೇ ಇತ್ತು.

ಆದರೆ ಒಂದು ಮಾತು ಹೇಳುತ್ತೇನೆ. ಗಾಳಿಯಲ್ಲಿ ತೇವ ಎಷ್ಟಿದೆ ಅಂತ ನನಗೆ ನೂಲು ಮುಟ್ಟಿದರೆ ತಿಳಿಯುತ್ತಿತ್ತು. ಕುಣಿಯಲ್ಲಿ ತಂಪಿರಬೇಕು, ಇಲ್ಲದಿದ್ದರೆ ಎಳೆ ಪಟಪಟ ಹರಿಯುತ್ತವೆ. ಮಳೆ ಬರುವ ಮೊದಲೇ ನೂಲು ಮೆತ್ತಗಾಗುತ್ತದೆ, ಬೆರಳ ನಡುವೆ ಎಳೆದರೆ ಸದ್ದು ಮಾಡುವುದಿಲ್ಲ. "ಇವತ್ತು ಮಳಿ ಐತ್ರಿ" ಅಂದರೆ ಯಜಮಾನರು ಬಿಸಿಲಲ್ಲಿ ಹಾಕಿದ್ದನ್ನು ಒಳಗೆ ತರುತ್ತಿದ್ದರು.

ಈಗ ಗೌರಿಯ ಲ್ಯಾಬಿನ ಕೆಲಸದ ಮಾತು. ನಾನು ಬಂದ ಮರುದಿನವೇ ಅವಳ ಕೈಯಲ್ಲಿ ಒಂದು ಕರಿ ನೂಲು ಕಂಡಿತು. ಹತ್ತಿಯ ನೂಲೇ, ಕಾಡಿಗೆಯಲ್ಲಿ ಅದ್ದಿದ ಹಾಗೆ ಕರ್ರಗೆ.

"ಇದೇನ ಗೌರವ್ವಾ?"

"ಇದ್ರಾಗ ಕಾರ್ಬನ್ ಟ್ಯೂಬ್ ಇದಾವ, ಆಯಿ. ಛೋಟಾ ಛೋಟಾ ಕೊಳವಿ. ನಿನ್ನ ಒಂದು ಕೂದಲ್ ತಗೋ. ಉದ್ದಕ ಥೌಸಂಡ್ಸ್ ಪೀಸ್ ಮಾಡು. ಒಂದು ಪೀಸ್ ಎಷ್ಟು ತೆಳ್ಳಗ, ಅಷ್ಟು. ಅದಕ್ಕ ನ್ಯಾನೋ ಅಂತಾರ."

"ನಾನೋ? ನಾ ಯಾವಾಗ ಕೂದಲಾ ಸೀಳಿದ್ನೇ?"

"ನಾನಲ್ಲ ಆಯಿ, ನ್ಯಾನೋ!"

ಅವಳು ನಕ್ಕು ನಕ್ಕು ಮಂಚದ ಮೇಲೆ ಬಿದ್ದಳು. ಆಮೇಲೆ ಕೂತು ತಿಳಿಸಿದಳು. ಆ ನೂಲಿನಲ್ಲಿ ಸ್ವಲ್ಪ ಕರೆಂಟು ಹರಿಸುತ್ತಾರೆ. ಅಮೋನಿಯಾ ಅನ್ನುವ ಗ್ಯಾಸು ತಾಗಿದರೆ ಕರೆಂಟಿಗೆ ತಡೆ ಹೆಚ್ಚುತ್ತದೆ, ಮೀಟರಿನಲ್ಲಿ ಅಂಕಿ ಏರುತ್ತದೆ, ಕೆಂಪು ದೀಪ ಹತ್ತುತ್ತದೆ. ಈ ಗ್ಯಾಸು ಇರುವುದು ಬರ್ಫದ ಕಾರ್ಖಾನೆಗಳಲ್ಲಿ, ತಂಪು ಮಾಡುವ ಪೈಪುಗಳಲ್ಲಿ.

ಅಡುಗೆಗೆ ಬರುವ ಶೆಫಾಲಿಯ ಗಂಡ ಅಂಥ ಒಂದು ಕಾರ್ಖಾನೆಯಲ್ಲಿ ಬರ್ಫದ ಗಟ್ಟಿ ಎತ್ತುತ್ತಾನೆ. ಒಮ್ಮೆ ಪೈಪು ಸೋರಿ, ಅವನ ಎದೆಗೆ ಗ್ಯಾಸು ಹೋಗಿ ಆಸ್ಪತ್ರೆ ಸೇರಿದ್ದ. ಶೆಫಾಲಿ ಹದಿನೈದು ದಿನ ಬರಲಿಲ್ಲ. ಬಂದ ಮೇಲೆ ಗೌರಿ ಅವಳನ್ನು ಕೇಳಿದಳಂತೆ, "ವಾಸನೆ ಬರಲಿಲ್ಲವಾ?" ಶೆಫಾಲಿ ಹೇಳಿದಳಂತೆ, "ಅಲ್ಲಿ ದಿನಾ ವಾಸನೆ, ದೀದಿ. ಇವತ್ತಿನದು ಬೇರೆ ಅಂತ ಮೂಗಿಗೆ ಹೇಗೆ ಗೊತ್ತಾಗಬೇಕು?" ಆ ಒಂದು ಮಾತು ಹಿಡಿದು ನನ್ನ ಮೊಮ್ಮಗಳು ಡಾಕ್ಟರೇಟಿಗೆ ವಿಷಯ ಆರಿಸಿಕೊಂಡಳು. ಕೆಲಸದವರು ಹೆಗಲ ಮೇಲೆ ಹಾಕುವ ಗಾಮ್ಛಾ ಇದೆಯಲ್ಲ, ಆ ಕೆಂಪು ಚೌಕಳಿ ಟವೆಲು, ಅದರಲ್ಲೇ ಈ ನೂಲು ಇರಬೇಕು, ಮೂಗಿಗಿಂತ ಮೊದಲು ಅದು ಹೇಳಬೇಕು ಅಂತ ಅವಳ ಹಟ.

ಚಳಿಗಾಲದಲ್ಲಿ ನೂಲು ಹೇಳಿದ ಹಾಗೆ ಕೇಳಿತ್ತಂತೆ. ಮಳೆ ಶುರುವಾದದ್ದೇ ಕೆಟ್ಟಿತು. ಕೋಲ್ಕತ್ತಾದ ಮಳೆಗಾಲ ನಿಮಗೆ ಗೊತ್ತೋ ಇಲ್ಲವೋ. ಇಲ್ಲಿ ಮಳೆ ಮೇಲಿನಿಂದ ಮಾತ್ರ ಬರುವುದಲ್ಲ, ಗೋಡೆಯೂ ಬೆವರುತ್ತದೆ. ಉಪ್ಪು ನೀರಾಗುತ್ತದೆ, ಬೀರುವಿನಲ್ಲಿ ಚಪ್ಪಲಿ ಬೂಷ್ಟು ಹಿಡಿಯುತ್ತದೆ. ಆ ತೇವಕ್ಕೆ ಕರಿ ನೂಲು ಗ್ಯಾಸಿಲ್ಲದೆಯೂ ಕೂಗತೊಡಗಿತು. ಒಂದು ಸಂಜೆ ಗೌರಿ ಮೀಟರು ಮೇಜಿನ ಮೇಲೆ ಕುಕ್ಕಿ, "ಇದು ಸುಳ್ಳ್ ಹೇಳ್ತದ, ಆಯಿ" ಅಂದಳು. ಅವಳಿಗೆ ಕಲಿಸುವ ಮೇಡಮ್ಮು ಸಾಫ್ ಹೇಳಿದ್ದರಂತೆ: ದುರ್ಗಾಪೂಜೆಯ ರಜೆಯ ಮೊದಲು ಕಮಿಟಿ ಕೂಡುತ್ತದೆ. ಅವರ ಎದುರಿಗೆ ಈ ತೇವದಲ್ಲೇ ಕೆಲಸ ಮಾಡಿ ತೋರಿಸಬೇಕು, ಆಗದಿದ್ದರೆ ವಿಷಯ ಬಿಡಬೇಕು. ಎರಡೂವರೆ ವರ್ಷದ ದುಡಿಮೆ. ಹುಡುಗಿ ಉಣ್ಣುವುದು ಬಿಟ್ಟಳು. ನಾನು ರೊಟ್ಟಿ ಬಡಿದು ಮುಂದಿಟ್ಟರೆ ಮೂಲೆ ಮುರಿದು ಎದ್ದುಬಿಡುತ್ತಿದ್ದಳು.

ಆ ದಿನಗಳಲ್ಲೇ ಫ್ಯಾನಿನ ಪ್ರಸಂಗ ಆದದ್ದು. ನನಗೆ ಬಂಗಾಳಿ ಬಾರದು, ಶೆಫಾಲಿಗೆ ಕನ್ನಡ ಬಾರದು, ಇಬ್ಬರಿಗೂ ಹಿಂದಿ ಅಷ್ಟಕ್ಕಷ್ಟೆ. ಒಂದು ಬೆಳಿಗ್ಗೆ ಅವಳು, "ಫ್ಯಾನ್ ಫೇಲೆ ದೇಬೋ?" ಅಂದಳು. ನಾನು ತಿಳಿದುಕೊಂಡೆ, ಫ್ಯಾನು ಫೇಲ್ ಆಗಿದೆ, ಆರಿಸಲಾ ಅಂತ ಕೇಳುತ್ತಾಳೆ. ತಿರುಗುತ್ತಿರುವ ಫ್ಯಾನಿಗೆ ಏನಾಗಿದೆ? "ಬೇಡ ಬೇಡ, ರಹನೇ ದೋ" ಅಂದೆ. ಅವಳು ಪಿಳಿಪಿಳಿ ನೋಡಿದಳು. ಮರುದಿನವೂ ಅದೇ ಪ್ರಶ್ನೆ, ಅದೇ ಉತ್ತರ. ಮೂರನೇ ದಿನ ಸಿಂಕಿನ ಕೆಳಗೆ ನೋಡುತ್ತೇನೆ, ಮೂರು ಪಾತ್ರೆ ತುಂಬ ಅನ್ನ ಬಸಿದ ಗಂಜಿ ಮುಚ್ಚಿಟ್ಟಿದ್ದಾಳೆ! ಎರಡು ಹುಳಿವಾಸನೆ ಹೊಡೆಯುತ್ತಿದ್ದವು, ಒಂದು ಆಗಷ್ಟೇ ಬಸಿದದ್ದು, ಬಿಸಿಬಿಸಿ. ಬಂಗಾಳಿಯಲ್ಲಿ ಫ್ಯಾನ್ ಅಂದರೆ ಗಂಜಿ ಅಂತ ಆಗ ತಿಳಿಯಿತು. ಎರಡನ್ನು ಚೆಲ್ಲಿದೆ. ಮೂರನೆಯದಕ್ಕೆ ಬೆರಳು ಅದ್ದಿ ನೋಡಿದೆ. ಅಂಥಾ ಗಂಜಿ! ಚೆಲ್ಲಲು ಕೈ ಬರಲಿಲ್ಲ.

ಅದೇ ದಿನ ಗೌರಿ ಲ್ಯಾಬಿನಿಂದ ಕರಿ ನೂಲಿನ ಸುರುಳಿ ತಂದು ಮೇಜಿನ ಮೇಲಿಟ್ಟು ಹೊರಗೆ ಹೋಗಿದ್ದಳು. ಆ ನೂಲು ನೋಡಿದೆ. ಮೈತುಂಬ ಎಳೆ ಎದ್ದು, ಜುಬುಜುಬು ಆಗಿ, ನೋಡಲಿಕ್ಕೆ ಆಗದ ಹಾಗಿತ್ತು. ನಮ್ಮ ಕಡೆ ಇಂಥ ನೂಲು ಮಗ್ಗಕ್ಕೆ ಹೋದರೆ ಅತ್ತೆ ಕೈಗೆ ಬಾರಿಸುತ್ತಿದ್ದರು. ನನ್ನ ಬುದ್ಧಿ ನೋಡ್ರಿ, ಈ ನೂಲು ಸುಳ್ಳು ಹೇಳದೆ ಇನ್ನೇನು ಮಾಡೀತು, ಇದಕ್ಕೆ ಗಂಜಿಯನ್ನೇ ಹಾಕಿಲ್ಲವಲ್ಲ ಅಂದುಕೊಂಡೆ! ಕಿಟಕಿಯ ಸರಳಿಗೂ ಬೀರುವಿನ ಹಿಡಿಗೂ ನೂಲನ್ನು ಎಳೆದು ಕಟ್ಟಿದೆ. ಮಗನ ಹೊಸ ಶೇವಿಂಗ್ ಬ್ರಷ್ಷು ತಂದೆ. ಗಂಜಿ ಸೋಸಿ, ಒಂದೇ ದಿಕ್ಕಿಗೆ ಸವರುತ್ತಾ ಹೋದೆ. ಎಷ್ಟು ವರ್ಷದ ಮೇಲೆ ಕೈಗೆ ನೂಲು ಸಿಕ್ಕಿತ್ತು! ಹಾಡೂ ಬಾಯಿಗೆ ಬಂತು. ಅರ್ಧ ಸುರುಳಿ ಮುಗಿಯುವಷ್ಟರಲ್ಲಿ ಬಾಗಿಲು ತೆಗೆದ ಸದ್ದಾಯಿತು.

"ಆಯಿ! ಏನ್ ಮಾಡ್ದಿ ನೀ!"

ಗೌರಿ ಬಾಗಿಲಲ್ಲೇ ನಿಂತಿದ್ದಳು. ಒದ್ದೆ ಛತ್ರಿಯಿಂದ ನೀರು ಇಳಿಯುತ್ತಿತ್ತು.

"ಗಂಜಿ ಹಾಕ್ದೆವ್ವಾ. ಎಳಿ ಎದ್ದಿದ್ವು..."

"ಒಂದು ತಿಂಗಳಾ ಮಾಡೇನಿ ಅದನ್ನ! ಒಂದು ತಿಂಗಳಾ! ನಿಂಗ ಸಮಝ್ ಆಗಂಗಿಲ್ಲ ಅಂದ್ರ ಮುಟ್ಟಬಾರ್ದಲ್ಲ!"

ರೂಮಿನ ಬಾಗಿಲು ಹಾಕಿಕೊಂಡಳು. ನಾನು ಬ್ರಷ್ಷು ತೊಳೆದು ಇಟ್ಟೆ. ಅವಳು ಹೇಳಿದ್ದರಲ್ಲಿ ತಪ್ಪೇನಿತ್ತು? ನನಗೆ ತಿಳಿಯದ ಕೆಲಸ ಅದು. ಆದರೂ ನಲವತ್ತು ವರ್ಷ ನೂಲು ಮುಟ್ಟಿದ ಕೈಗೆ ಮುಟ್ಟಬೇಡ ಅಂದದ್ದು ಎಲ್ಲಿಗೋ ಹೋಗಿ ತಾಗಿತು. ಆ ರಾತ್ರಿ ಮಗನಿಗೆ ಒಂದೇ ಮಾತು ಹೇಳಿದೆ, "ಊರಿಗೆ ಟಿಕೆಟ್ ತೆಗಿ."

ಎರಡು ದಿನ ಗೌರಿಗೂ ನನಗೂ ಮಾತಿಲ್ಲ. ಶೆಫಾಲಿ ಇಬ್ಬರ ಮುಖ ನೋಡಿ, ತನ್ನಿಂದಲೇ ಏನೋ ತಪ್ಪಾಯಿತು ಅಂತ ಹೆದರಿ ಗಂಜಿಯನ್ನು ಕೇಳದೆಯೇ ಚೆಲ್ಲತೊಡಗಿದಳು.

ರವಿವಾರ ಗೌರಿ ಊಟದ ಮೇಜಿನ ಮೇಲೆ ಮೀಟರು ಹರಡಿ ಕೂತಳು. ಉಳಿದ ಅರ್ಧ ನೂಲು ಒಂದು ಕಡೆ, ನಾನು ಕೆಡಿಸಿದ ಅರ್ಧ ಇನ್ನೊಂದು ಕಡೆ. ಎಷ್ಟು ಕೆಟ್ಟಿದೆ ಅಂತ ನೋಡಬೇಕಿತ್ತು ಅವಳಿಗೆ. ಸೊಸೆ ಬೇಳೆಗೆ ಕುಕ್ಕರ್ ಇಟ್ಟಿದ್ದಳು. ಅದು ಸೀಟಿ ಹೊಡೆದು ಹಬೆ ಬಿಟ್ಟಿತು. ನಾನು ಓರೆಗಣ್ಣಿನಲ್ಲಿ ನೋಡುತ್ತಿದ್ದೆ. ಗೌರಿ ಕುರ್ಚಿಯಿಂದ ಅರ್ಧ ಎದ್ದು ನಿಂತಳು. ಕುಕ್ಕರಿನ ಹತ್ತಿರಕ್ಕೆ ಎರಡೂ ನೂಲನ್ನು ಹಿಡಿದು, "ಮಮ್ಮಿ, ಇನ್ನೊಂದು ಸೀಟಿ!" ಅಂದಳು. "ಬೇಳಿ ಮುದ್ದಿ ಆಗ್ತದ" ಅಂದಳು ಸೊಸೆ. "ಆಗ್ಲಿ!" ಇನ್ನೊಂದು ಸೀಟಿ. ಗೌರಿ ಬರೆದುಕೊಂಡಳು. ನನ್ನ ಕಡೆ ಒಮ್ಮೆ ನೋಡಿ, ಮತ್ತೆ ಬರೆಯತೊಡಗಿದಳು. ಆ ದಿನ ಬೇಳೆ ಕುಡಿಯುವ ಹಾಗಾಗಿತ್ತು.

ಸೋಮವಾರ ಮಧ್ಯಾಹ್ನ ಲ್ಯಾಬಿನಿಂದ ಫೋನು. ಮುಖ ಕಾಣುವ ಫೋನು. ಕೂದಲು ಕೆದರಿಕೊಂಡು, ಕಣ್ಣು ಇಷ್ಟಗಲ.

"ಆಯಿ, ಗಂಜಿ ಎಷ್ಟು ಗಟ್ಟಿ ಇತ್ತು?"

"ಯಾಕವ್ವಾ, ಪೂರ್ತಿ ಕೆಟ್ಟೋತೇನು?"

"ಹೇಳು ಆಯಿ! ಎಷ್ಟು ಗ್ರಾಮ್?"

"ಗ್ರಾಮ್ ಎಲ್ಲಿಂದ ತರ್ಲಿ? ಎರಡು ಬೆರಳು ಹಚ್ಚಿ ತೆಗದ್ರ ನಡುವ ಎಳಿ ಬರಬೇಕು. ಎಳಿ ಬಂದು ಕಡೀಬೇಕು. ಕಡೀಲಿಲ್ಲಂದ್ರ ಗಟ್ಟಿ ಆತು, ಎಳೀನ ಬರಲಿಲ್ಲಂದ್ರ ನೀರಾತು."

ಆ ಕಡೆ ಪೆನ್ನು ಗೀಚುವ ಸದ್ದಾಯಿತು. ಆಮೇಲೆ ಅವಳು ಅತ್ತಳೋ ನಕ್ಕಳೋ ನನಗೆ ತಿಳಿಯಲಿಲ್ಲ. "ಆಯಿ, ಸಾರಿ. ನೀ ಊರಿಗೆ ಹೋಗಬ್ಯಾಡ."

ಆಗಿದ್ದು ಇಷ್ಟು. ಬರೀ ನೂಲು ಎರಡಕ್ಕೂ ಕೂಗುತ್ತದೆ, ತೇವಕ್ಕೂ ಗ್ಯಾಸಿಗೂ. ಗಂಜಿ ಕುಡಿದ ನೂಲು ತೇವಕ್ಕೆ ಜೋರಾಗಿ ಕೂಗುತ್ತದೆ, ಗ್ಯಾಸು ಬಂದರೆ ಗಂಜಿಯ ಪದರ ಅಡ್ಡ ಬಂದು ಅಷ್ಟಾಗಿ ಅಲುಗಾಡುವುದಿಲ್ಲ. ಒಂದೇ ಸುರುಳಿಯ ನೂಲು, ಅರ್ಧಕ್ಕೆ ಗಂಜಿ, ಅರ್ಧಕ್ಕಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಒಂದರ ಸುಳ್ಳನ್ನು ಇನ್ನೊಂದು ಹಿಡಿಯುತ್ತದೆ. ಗೌರಿ ಏನೇನೋ ಲೆಕ್ಕ ಬರೆದು ತೋರಿಸಿದಳು. ನಾನೆಂದೆ, "ಅಡಗಿಮನ್ಯಾಗ ಇಬ್ಬರು ನೆಗೆಣ್ಣೇರು ಅದಾರ, ಒಂದ ಮನಿ ಸೊಸ್ತೇರು. ಇಬ್ಬರ ಕಣ್ಣಾಗೂ ನೀರು ಬಂದ್ರ ಉಳ್ಳಾಗಡ್ಡಿ ಹೆಚ್ಚಾಕತ್ತಾರಂತ ಅರ್ಥ. ಒಬ್ಬಾಕಿ ಕಣ್ಣಾಗಷ್ಟ ನೀರು ಬಂದ್ರ ಏನೋ ಆಗೈತಿ, ಹೋಗಿ ನೋಡಬೇಕು. ಇಷ್ಟ ಅಲ್ಲೇನು?" ಗೌರಿ ಪೆನ್ನು ಕೆಳಗಿಟ್ಟು, "ಇಷ್ಟೇ" ಅಂದಳು.

ಆಮೇಲಿನ ಒಂದು ತಿಂಗಳು ಹೇಗೆ ಹೋಯಿತು ಅಂತ ಕೇಳಬೇಡಿ. ಅವಳು ಮಾಡಿದ ಗಂಜಿ ಸರಿ ಬರಲೇ ಇಲ್ಲ. ಡಬ್ಬಿಯ ಪುಡಿ ತಂದು ತೂಗಿ ತೂಗಿ ಮಾಡಿದಳು, ಒಮ್ಮೆ ನೂಲು ಕಡ್ಡಿಯಾಯಿತು, ಒಮ್ಮೆ ಜಾರಿತು. ಕೊನೆಗೆ ಮೇಡಮ್ಮೇ ಅಂದರಂತೆ, "ಅಜ್ಜಿಯನ್ನೇ ಕರೆದುಕೊಂಡು ಬಾ."

ಟ್ಯಾಕ್ಸಿಯಲ್ಲಿ ಹೋದೆ. ನನ್ನ ಸೀರೆಯ ಮೇಲೆ ಬಿಳಿ ಕೋಟು ತೊಡಿಸಿದರು, ಕೈಗೆ ಬೆರಳಿರುವ ರಬ್ಬರ್ ಚೀಲ ಹಾಕಿದರು. ಚೀಲ ಹಾಕಿಕೊಂಡರೆ ಗಂಜಿ ಹದ ಹೇಗೆ ತಿಳಿಯಬೇಕು? ಮೇಡಮ್ಮು ಯೋಚಿಸಿ, ಗಂಜಿ ನೋಡುವಾಗ ತೆಗೆಯಿರಿ, ಕರಿ ನೂಲು ಹಿಡಿಯುವಾಗ ಹಾಕಿಕೊಳ್ಳಿ ಅಂದರು. ನಾನು ಹದ ನೋಡಿ "ಹಾಂ, ಇದು" ಅಂದ ಕೂಡಲೇ ಗೌರಿ ಅದನ್ನು ತೂಕಕ್ಕೆ ಇಡುವಳು, ಬರೆಯುವಳು. "ಊಂಹೂಂ" ಅಂದರೂ ಬರೆಯುವಳು. ನನ್ನ ಬೆರಳಿನಲ್ಲಿದ್ದದ್ದು ಹಾಗೆ ಒಂದೊಂದೇ ಕಾಗದಕ್ಕೆ ಇಳಿಯಿತು. ನಾಲ್ಕು ದಿನದಲ್ಲಿ ನೂಲಿಗೆ ಬೂಷ್ಟು ಹಿಡಿದಾಗ, "ನಾವು ಮೈಲುತುತ್ತ ಒಂಚೂರು ಹಾಕ್ತಿದ್ವಿ" ಅಂದೆ. ಗೌರಿ ಹೌಹಾರಿ, "ಬ್ಯಾಡ ಆಯಿ! ಅದು ಅಮೋನಿಯಾ ಜೊತಿ ದೋಸ್ತಿ ಮಾಡ್ತದ!" ಅಂದಳು. ಹಾಗಾಗಿ ಪ್ರತಿ ಸಲ ಹೊಸ ಗಂಜಿ, ಹೊಸ ನೂಲು. ಲ್ಯಾಬಿನ ಹುಡುಗಿಯರೆಲ್ಲ ಸವರುವುದು ಕಲಿತರು. ಒಬ್ಬಳು ಎರಡೂ ದಿಕ್ಕಿಗೆ ಬ್ರಷ್ಷು ಆಡಿಸಿದಾಗ, ದೇವರಾಣೆ, ಅತ್ತೆ ನನ್ನ ಕೈಗೆ ಬಾರಿಸಿದ ಹಾಗೆ ಬಾರಿಸಿಬಿಡುತ್ತಿದ್ದೆ.

ಕಮಿಟಿಯ ದಿನ ಆಕಾಶ ಹರಿದು ಬಿದ್ದಿತ್ತು. ರಸ್ತೆಯಲ್ಲಿ ಮೊಳಕಾಲುದ್ದ ನೀರು. ಗೌರಿ ಮಾತ್ರ, "ಛಲೋ ಆತು, ಇವತ್ತೇ ಬರ್ಲಿ ಎಲ್ಲಾ ಮಳಿ" ಅಂದಳು. ಬೆಳಿಗ್ಗೆಯೇ ಹೋಗಿ ಹೊಸ ನೂಲು ಮಾಡಿಟ್ಟೆ. ಎಲ್ಲರೂ ಕೂತ ಮೇಲೆ ನಾನು ಹಿಂದಿನ ಕುರ್ಚಿಯಲ್ಲಿ ಸೆರಗು ಹೊದ್ದು ಕೂತೆ. ಐದು ಮಂದಿ ದೊಡ್ಡವರು. ಅವರಲ್ಲಿ ಒಬ್ಬರು ದೆಹಲಿಯವರು, ಬಿಗಿ ಮುಖ, ಕನ್ನಡಕ ಮೂಗಿನ ತುದಿಯಲ್ಲಿ.

ಗೌರಿ ಒಂದು ಗಾಜಿನ ಪೆಟ್ಟಿಗೆಯಲ್ಲಿ ಎರಡು ನೂಲು ಕಟ್ಟಿದಳು, ಒಂದು ಬರೀ ನೂಲು, ಎರಡನೆಯದು ಗಂಜಿಯದು. ಮೊದಲು ಬಿಸಿನೀರಿನ ಬಟ್ಟಲು ಇಟ್ಟಳು. ಗಾಜಿಗೆ ಹಬೆ ಕಟ್ಟಿತು. ಎರಡು ಅಂಕಿಯೂ ಏರಿದವು. ನನ್ನ ಕಣ್ಣು ದೀಪದ ಮೇಲೆ. ಹತ್ತಬೇಡವೋ, ಹತ್ತಬೇಡ. ಹತ್ತಲಿಲ್ಲ. ಆಮೇಲೆ ಅದೇ ಹಬೆಯೊಳಗೆ ಅಮೋನಿಯಾದ ಹನಿ ಹಾಕಿದ ಹತ್ತಿ ಇಟ್ಟಳು. ಒಂದು ಅಂಕಿ ನಿಂತಲ್ಲೇ ನಿಂತಿತು, ಇನ್ನೊಂದು ಏರತೊಡಗಿತು. ಏರಿತು, ಏರಿತು. ಈಗ ಹತ್ತೋ, ನನ್ನಪ್ಪಾ, ಈಗ ಹತ್ತು! ಕೆಂಪು ದೀಪ ಹತ್ತಿತು.

ದೆಹಲಿಯವರು ಮುಂದೆ ಬಾಗಿ, ಎರಡನೇ ನೂಲಿಗೆ ಹಚ್ಚಿರುವುದು ಏನು ಅಂತ ಇಂಗ್ಲಿಷಿನಲ್ಲಿ ಕೇಳಿದರು. ಗೌರಿ ಅದಕ್ಕೆ ದೊಡ್ಡ ಹೆಸರು ಉರು ಹೊಡೆದಿದ್ದಳು. ಆದರೆ ದೀಪ ಹತ್ತಿದ ಸಂತೋಷಕ್ಕೆ ಅದೆಲ್ಲ ಮರೆತು, "ಫ್ಯಾನ್, ಸರ್" ಅಂದುಬಿಟ್ಟಳು.

ದೆಹಲಿಯವರು ತಲೆ ಎತ್ತಿ ಮೇಲೆ ತಿರುಗುವ ಫ್ಯಾನು ನೋಡಿದರು!

ಉಳಿದ ನಾಲ್ವರೂ ಬಂಗಾಳಿಗಳು. ಆ ನಗು ಹೊರಗಿನ ಗುಡುಗಿಗಿಂತ ಜೋರಾಗಿತ್ತು. ನಾನು ಸೆರಗು ಬಾಯಿಗೆ ತುರುಕಿಕೊಂಡೆ. ಮೇಡಮ್ಮು ಬಿಡಿಸಿ ಹೇಳಿದ ಮೇಲೆ ಆ ಬಿಗಿ ಮುಖದವರೂ ನಕ್ಕರು. ಈ ಹದ ಗೊತ್ತು ಮಾಡಿದವರು ಯಾರು ಅಂದರು. ಗೌರಿ ಕೈ ಹಿಂದಕ್ಕೆ ಚಾಚಿದಳು. ನಾನು ಎದ್ದು ನಿಂತೆ, ಮಂಡಿಯ ನೋವು ಎಲ್ಲಿ ಹೋಗಿತ್ತೋ. "ಮಾತಾಜಿ, ಹದ ಹೇಗೆ ತಿಳಿಯುತ್ತದೆ?" ಎಂದು ಹಿಂದಿಯಲ್ಲಿ ಕೇಳಿದರು. ನಾನು ಎರಡು ಬೆರಳು ಕೂಡಿಸಿ, ಎಳೆ ಬಂದು ಕಡಿಯಬೇಕು ಅಂತ ಮೆಲ್ಲಗೆ ಬಿಡಿಸಿ ತೋರಿಸಿದೆ. "ಇತ್ನಾ ಧಾಗಾ ಆನಾ, ಫಿರ್ ಟೂಟ್‌ನಾ." ಅವರೂ ಗಾಳಿಯಲ್ಲಿ ಎರಡು ಬೆರಳು ಕೂಡಿಸಿ ಬಿಡಿಸಿ ನೋಡಿದರು. ಆಮೇಲೆ ಬಾಗಿ ಏನೋ ಬರೆದುಕೊಂಡರು. ವಿಷಯ ಬಿಡುವ ಮಾತನ್ನು ಅಲ್ಲಿ ಮತ್ತೆ ಯಾರೂ ಎತ್ತಲಿಲ್ಲ.

ಈ ವರ್ಷ ಅವಳಿಗೆ ಡಾಕ್ಟರೇಟ್ ಕೊಟ್ಟರು, ಅದಕ್ಕೇ ನಾನು ಮತ್ತೆ ಬಂದದ್ದು. ಊರಲ್ಲಿ ಎಲ್ಲರಿಗೂ ಹೇಳಿಯೇ ಬಂದೆ. ಪಕ್ಕದ ಮನೆಯ ಗಂಗವ್ವ, "ಡಾಕ್ಟರ್ ಆಗ್ಯಾಳಂದ್ರ ನನ್ನ ಸೊಂಟಕ್ಕ ಸೂಜಿ ಮಾಡ್ತಾಳೇನು?" ಅಂದಳು. "ನಿನ್ನ ಸೊಂಟಕ್ಕಲ್ಲವ್ವಾ, ಗಾಳಿಗೇ ಸೂಜಿ ಹಾಕಿ ನೋಡೋ ಡಾಕ್ಟರ್ ಆಕಿ" ಅಂದೆ. ಶೆಫಾಲಿಯ ಗಂಡನ ಗಾಮ್ಛಾದ ಅಂಚಿನಲ್ಲಿ ಈಗ ಎರಡು ಕರಿ ಎಳೆಗಳಿವೆ. ಇನ್ನೂ ಪರೀಕ್ಷೆಗೆ ಕೊಟ್ಟದ್ದು, ಹತ್ತು ಮಂದಿಗೆ ಮಾತ್ರ. ಅಂಚಿಗೆ ಅವನ್ನು ಕೂಡಿಸಿದ್ದು ಯಾರು ಅಂತ ನಾನು ಹೇಳಬೇಕಾಗಿಲ್ಲ.

ನಿನ್ನೆ ಗೌರಿ ಡಾಕ್ಟರೇಟಿಗೆ ಬರೆದ ತನ್ನ ದಪ್ಪ ಪುಸ್ತಕ ತಂದು ನನ್ನ ತೊಡೆಯ ಮೇಲಿಟ್ಟಳು. ಎಲ್ಲ ಇಂಗ್ಲಿಷು, ಎಲ್ಲ ಗೆರೆ, ಎಲ್ಲ ಅಂಕಿ. "ಇದ್ರಾಗ ನಂಗೇನ್ ತಿಳಿತೈತೇ?" ಅಂದೆ. ಅವಳು ಮೊದಲ ಹಾಳೆಗಳನ್ನು ತಿರುವಿ, ಹೆಲ್ಪ್ ಮಾಡಿದವರ ಹೆಸರು ಬರೆದ ಕಡೆ ಬೆರಳಿಟ್ಟಳು. ಇಂಗ್ಲಿಷಿನ ನಡುವೆ ಒಂದೇ ಒಂದು ಸಾಲು ನಮ್ಮ ಅಕ್ಷರದಲ್ಲಿತ್ತು. ನಾನು ಕನ್ನಡಕ ಹುಡುಕಲಿಲ್ಲ, ಯಾರನ್ನೂ ಕೇಳಲಿಲ್ಲ. ಮೂರನೇ ಇಯತ್ತೆ ಅದಕ್ಕೆ ಸಾಕಾಯಿತು. ಒಂದೊಂದೇ ಅಕ್ಷರ ಕೂಡಿಸಿ, ಶೆಫಾಲಿಗೂ ಕೇಳಿಸುವ ಹಾಗೆ ಗಟ್ಟಿಯಾಗಿ ಓದಿದೆ:

'ನೀಲವ್ವ, ನೇಕಾರರು.'